ಒಡೆಯುವ ಮೊದಲು ಅಲ್ಲಾಡಿಸಿ ನೋಡಿ: ನನ್ನ ನಾಲ್ಕನೇ ಕ್ಲಾಸಿನ ಮೌಲ್ಯಮಾಪನ

ಒಂದು ಸಂಜೆ 28 ಕಾಪಿ ಮುಂದಿಟ್ಟುಕೊಂಡು ತಿದ್ದುತ್ತಾ ಕೂತಿದ್ದೆ. ಲೆಕ್ಕ ಇಷ್ಟೇ: 503 − 267. 16 ಮಕ್ಕಳು 236 ಅಂತ ಸರಿಯಾಗಿ ಬರೆದಿದ್ದರು. ಉಳಿದ 12 ಮಕ್ಕಳಿಗೆ ಕೆಂಪು ಇಂಕಿನಲ್ಲಿ ತಪ್ಪು ಹಾಕಿ, ‘ನಾಳೆ ಇನ್ನೊಂದ್ಸಲ ಹೇಳ್ಕೊಡಬೇಕು’ ಅಂದುಕೊಂಡು ಎದ್ದೆ. ಟೀ ಕುಡಿಯುತ್ತಾ ಸುಮ್ನೆ ಮತ್ತೆ ಕಾಪಿ ತಿರುವಿ ಹಾಕಿದಾಗ ಕಣ್ಣಿಗೆ ಬಿತ್ತು. ಆರು ಮಕ್ಕಳ ಉತ್ತರ 364. ನಾಲ್ವರದ್ದು 146. ಇಬ್ಬರದ್ದು 770. ತಪ್ಪು ಮಾಡಿದವರು ಹನ್ನೆರಡು ಜನ, ತಪ್ಪು ಮಾತ್ರ ಮೂರೇ.

364 ಬರೆದವರು ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದರು. 7ರಲ್ಲಿ 3 ಹೋದರೆ 4, 6ರಲ್ಲಿ ಸೊನ್ನೆ ಹೋದರೆ 6, 5ರಲ್ಲಿ 2 ಹೋದರೆ 3. ಮೇಲೆ ಯಾವುದು, ಕೆಳಗೆ ಯಾವುದು ಅನ್ನುವುದು ಅವರಿಗೆ ಲೆಕ್ಕಕ್ಕೇ ಇಲ್ಲ. 146 ಬರೆದವರಿಗೆ ದಶಕ ತೆಗೆದುಕೊಳ್ಳೋದು ಗೊತ್ತು. ಆದರೆ ನಡುವೆ ಸೊನ್ನೆ ಬಂದಾಗ ಎಡವಿದ್ದಾರೆ. ಬಿಡಿಯ ಮನೆಗೂ ನೂರರಿಂದಲೇ ತಂದರು, ಹತ್ತರ ಮನೆಗೂ ನೂರರಿಂದಲೇ ತಂದರು. 770 ಬರೆದ ಇಬ್ಬರು ಕಳೆಯುವ ಬದಲು ಕೂಡಿದ್ದರು.

ಮಾರನೇ ದಿನ ಇಡೀ ಕ್ಲಾಸಿಗೆ ಅದೇ ಪಾಠ ಮತ್ತೆ ಹೇಳಿದ್ದರೆ 16 ಮಕ್ಕಳು ಆಕಳಿಸುತ್ತಿದ್ದರು. ಹಾಗೆ ಮಾಡಲಿಲ್ಲ. ಆರು ಮಕ್ಕಳನ್ನು ಕಡ್ಡಿ ಕಟ್ಟುಗಳ ಜೊತೆ ನೆಲದ ಮೇಲೆ ಕೂರಿಸಿದೆ. ಮೂರು ಕಡ್ಡಿಯಿಂದ ಏಳು ಕಡ್ಡಿ ಕೊಡು ಅಂದರೆ ಕೊಡೋಕೆ ಆಗಲ್ಲ, ಕಟ್ಟು ಬಿಚ್ಚಲೇಬೇಕು. ನಾಲ್ವರಿಗೆ ಆಟದ ನೋಟು ಕೊಟ್ಟೆ. ನೂರರ ನೋಟು ಚಿಲ್ಲರೆ ಮಾಡಿಸಿದರೆ ಹತ್ತರ ನೋಟು ಹತ್ತು ಬರುತ್ತವೆ, ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿದರೆ ಒಂಬತ್ತು ಅಲ್ಲೇ ಉಳಿಯಬೇಕು. ಆ ಒಂಬತ್ತು ಎಲ್ಲಿ ಹೋಯಿತು ಅಂತ ಅವರೇ ಹುಡುಕಿಕೊಂಡರು. 770ರ ಇಬ್ಬರಲ್ಲಿ ಒಬ್ಬ ಅವಸರದ ಆಸಾಮಿ, ಗುರುತು ನೋಡದೆ ಕೂಡುವವನು. ಇನ್ನೊಬ್ಬಳು ಹಿಂದಿನ ಸಾಲಿನವಳು. ‘ಬೋರ್ಡ್ ಮೇಲೆ ಏನಿದೆ ಓದು’ ಅಂದೆ. ಕಣ್ಣು ಕಿರಿದು ಮಾಡಿ ನೋಡಿದಳು. ಮೈನಸ್ ಗುರುತು ಅವಳಿಗೆ ಕಾಣುತ್ತಲೇ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಗಣಿತ ಅಲ್ಲ, ಕನ್ನಡಕ.

ನಾನು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ಹದಿನೇಳು ವರ್ಷದ ಸರ್ವಿಸ್. ನಮ್ಮ ಕಡೆ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸುತ್ತಾರೆ. ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ ಅಂತ ಒಮ್ಮೆ ಪರಿಸರ ಅಧ್ಯಯನದ ಕ್ಲಾಸಿನಲ್ಲಿ ಕೇಳಿದೆ. ಒಬ್ಬ ಹುಡುಗ ನನ್ನನ್ನೇ ದಡ್ಡಿ ಅನ್ನುವ ಹಾಗೆ ನೋಡಿದ. ‘ಅಲ್ಲಾಡಿಸಿದ್ರೆ ಗಡಗಡ ಅನ್ನುತ್ತೆ ಮಿಸ್. ಒಡೆದು ನೋಡಿದ್ರೆ ಆಮೇಲೆ ಒಣಗ್ಸೋದು ಏನನ್ನ?’

ನಮ್ಮ ಇಲಾಖೆಯ ಭಾಷೆಯಲ್ಲಿ ಹೀಗೆ ಕಲಿಯುತ್ತಿರುವಾಗಲೇ ಅಲ್ಲಾಡಿಸಿ ನೋಡುವುದಕ್ಕೆ ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ) ಅಂತಾರೆ, ಕಲಿತ ಮೇಲೆ ಒಡೆದು ನೋಡುವುದಕ್ಕೆ ಸಂಕಲನಾತ್ಮಕ (ಎಸ್‌ಎ) ಅಂತಾರೆ. ವರ್ಷಕ್ಕೆ ಎಫ್‌ಎ ನಾಲ್ಕು, ಎಸ್‌ಎ ಎರಡು. ಇದೆಲ್ಲ ನಿಮಗೂ ಗೊತ್ತಿರುವುದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಮೌಲ್ಯಮಾಪನ ನಿರಂತರವಾಗಿ, ವ್ಯಾಪಕವಾಗಿ ಇರಬೇಕು, ಮಗುವಿಗೆ ಭಯ ಇರಬಾರದು ಅಂತಿದೆ. ಆದರೆ ಕ್ಲಾಸಿನಲ್ಲಿ ನಿಂತಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ನಾಳೆ ಬೆಳಿಗ್ಗೆ ನಾನು ಏನು ಬೇರೆ ಮಾಡ್ತೀನಿ? ಏನೂ ಇಲ್ಲ ಅಂದರೆ ಆ ಪರೀಕ್ಷೆ ರಿಜಿಸ್ಟರ್‌ಗೆ ಮಾತ್ರ.

ಜೂನ್ ತಿಂಗಳು: ಪಕ್ಕ ಕೂರಿಸಿಕೊಂಡು ಓದಿಸಿ

ಶಾಲೆ ಶುರುವಾದ ಕೂಡಲೇ ಸೇತುಬಂಧ ಬರುತ್ತೆ, ಅಂದರೆ ಹಿಂದಿನ ಕ್ಲಾಸಿನಲ್ಲಿ ಬಿಟ್ಟುಹೋದದ್ದನ್ನು ತುಂಬಿಕೊಳ್ಳುವ ಕಾರ್ಯಕ್ರಮ. ಮೊದಲು ಏನು ಬಂದಿಲ್ಲ ಅಂತ ಹುಡುಕುವ ನೈದಾನಿಕ ಪರೀಕ್ಷೆ, ಕೊನೆಗೆ ಎಷ್ಟು ಬಂತು ಅಂತ ನೋಡುವ ಸಾಫಲ್ಯ ಪರೀಕ್ಷೆ. ಇದನ್ನು ಪೂರ್ತಿ ಬರವಣಿಗೆಯಲ್ಲೇ ಮಾಡಿದರೆ ಒಂದು ತೊಂದರೆ ಇದೆ. ಪ್ರಶ್ನೆ ಓದಲು ಬಾರದ ಮಗುವಿಗೆ ಗಣಿತದಲ್ಲೂ ಸೊನ್ನೆ, ಪರಿಸರದಲ್ಲೂ ಸೊನ್ನೆ. ನಿಜವಾಗಿ ಬಾರದೇ ಇರುವುದು ಓದು ಒಂದೇ ಇರಬಹುದು, ಅಲ್ವಾ?

ಅದಕ್ಕೆ ಮೊದಲ ವಾರ ನಾನು ಒಬ್ಬೊಬ್ಬರನ್ನೇ ಓದಿಸುತ್ತೇನೆ. ಪ್ರಥಮ್ ಸಂಸ್ಥೆಯವರು 2005ರಿಂದ ಅಸರ್ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸುತ್ತಾರಲ್ಲ, ಅದೇ ದಾರಿ. ನಾಲ್ಕು ಕಾರ್ಡ್ ಮಾಡಿಕೊಳ್ಳಿ. ಒಂದರಲ್ಲಿ ಹತ್ತು ಅಕ್ಷರ. ಒಂದರಲ್ಲಿ ಹತ್ತು ಪದ, ಐದು ಸರಳ, ಐದು ಒತ್ತಕ್ಷರದವು. ಒಂದರಲ್ಲಿ ನಾಲ್ಕು ಸಾಲಿನ ಪ್ಯಾರಾ. ಕೊನೆಯದರಲ್ಲಿ ಹತ್ತು ಸಾಲಿನ ಕಥೆ. ಶುರು ಮಾಡುವುದು ಪ್ಯಾರಾದಿಂದ. ಸಲೀಸಾಗಿ ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಕ್ಕೆ ಇಳಿಯಿರಿ, ಅದೂ ಕಷ್ಟವಾದರೆ ಅಕ್ಷರಕ್ಕೆ. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ದಿನಕ್ಕೆ ಐದು ಮಕ್ಕಳಂತೆ ಮಾಡಿದರೂ 28 ಮಕ್ಕಳು ಆರು ದಿನದಲ್ಲಿ ಮುಗಿಯುತ್ತಾರೆ.

ಎರಡು ಎಚ್ಚರಿಕೆ. ಓದುವಾಗ ನಡುವೆ ಬಾಯಿ ಹಾಕಬೇಡಿ. ನಮ್ಮ ನಾಲಿಗೆ ತುರಿಸುತ್ತೆ, ತಡೆದುಕೊಳ್ಳಬೇಕು. ಆಮೇಲೆ, ಕ್ಲಾಸಿನ ಒಳಗೆ ಮಾಡಬೇಡಿ. ಮುಂದಿನವರು ಓದಿದ್ದನ್ನು ಕೇಳಿಸಿಕೊಂಡು ಹಿಂದಿನವರು ಬಾಯಿಪಾಠ ಒಪ್ಪಿಸುತ್ತಾರೆ. ನಾನು ಜಗುಲಿಯಲ್ಲಿ ಚಾಪೆ ಹಾಕುತ್ತೇನೆ.

ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ, ಉತ್ತರ ಕಥೆಯ ಸಾಲಿನಲ್ಲಿ ನೇರವಾಗಿ ಇರಬಾರದು. ‘ಅಜ್ಜಿ ಯಾಕೆ ನಕ್ಕಿದ್ದು?’ ಅನ್ನುವಂಥದ್ದು. ರೈಲು ಬಿಟ್ಟ ಹಾಗೆ ಓದುವ ಎಷ್ಟೋ ಮಕ್ಕಳು ಇಲ್ಲಿ ನಿಂತುಬಿಡುತ್ತಾರೆ. ಆ ಮಕ್ಕಳನ್ನು ‘ಚೆನ್ನಾಗಿ ಓದ್ತಾರೆ’ ಅಂತ ನಾನೇ ವರ್ಷಗಟ್ಟಲೆ ಬರೆದಿದ್ದೇನೆ.

ಉಕ್ತಲೇಖನಕ್ಕೆ ಅಂಕ ಹಾಕಬೇಡಿ, ತಪ್ಪಿನ ಜಾತಿ ನೋಡಿ

ಕನ್ನಡ ಟೀಚರ್‌ಗಳ ಹತ್ತಿರ ಇರುವ ಹಳೇ ಕಾಲದ ಒಂದು ಮೌಲ್ಯಮಾಪನ ಅಂದರೆ ಉಕ್ತಲೇಖನ. ಅದನ್ನು ಹತ್ತಕ್ಕೆ ಆರು, ಹತ್ತಕ್ಕೆ ನಾಲ್ಕು ಅಂತ ಬರೆದು ಮುಗಿಸುವುದು ಹೊಟ್ಟು ಇಟ್ಟುಕೊಂಡು ಕಾಳು ಬಿಸಾಡಿದ ಹಾಗೆ. ಹತ್ತು ಪದವನ್ನು ಬೇಕಂತಲೇ ಆರಿಸಿ. ನನ್ನ ಪಟ್ಟಿಯಲ್ಲಿ ಕಾಗದ, ಬಾಳೆಹಣ್ಣು, ಅಕ್ಕ, ಪುಸ್ತಕ, ಸೂರ್ಯ, ಹಾಲು, ಅಕ್ಕಿ, ಹಕ್ಕಿ, ಭೂಮಿ, ಶಂಖ ಇರುತ್ತವೆ.

‘ಕಗದ’ ಅಂತ ಬರೆದರೆ ದೀರ್ಘದ ತೊಂದರೆ. ‘ಅಕ’ ಅಂತ ಬರೆದರೆ ಒತ್ತಕ್ಷರವೇ ಬಂದಿಲ್ಲ. ‘ಅಕ್ಕ’ ಸರಿ ಬರೆದು ‘ಪುಸ್ತಕ’ವನ್ನು ‘ಪುತ್ಸಕ’ ಮಾಡಿದರೆ ಸಜಾತಿ ಒತ್ತು ಬಂದಿದೆ, ವಿಜಾತಿ ಒತ್ತು ಬಂದಿಲ್ಲ. ಇವೆರಡನ್ನೂ ‘ಒತ್ತಕ್ಷರ ಬರಲ್ಲ’ ಅಂತ ಒಂದೇ ಬುಟ್ಟಿಗೆ ಹಾಕಿದರೆ ಒಂದು ಗುಂಪಿನ ಸಮಯ ಹಾಳು. ‘ಬೂಮಿ’ ಅಂತ ಬರೆದರೆ ಮಹಾಪ್ರಾಣ. ಅದಕ್ಕೆ ನಾನು ನಾಲ್ಕನೇ ಕ್ಲಾಸಿನಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ. ಓದುತ್ತಾ ಓದುತ್ತಾ ಕಣ್ಣಿಗೆ ರೂಢಿಯಾಗುತ್ತೆ.

ಇನ್ನು ‘ಹಾಲು’. ನಮ್ಮ ಕಡೆ ಅರ್ಧ ಕ್ಲಾಸು ‘ಆಲು’ ಅಂತಲೇ ಬರೆಯುತ್ತೆ. ಇದು ಬರವಣಿಗೆಯ ತಪ್ಪಲ್ಲ, ಮಗು ಮನೆಯಲ್ಲಿ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಸಿಟ್ಟು ಬಂದಾಗ ನಾನೇ ‘ಓಗಿ ಕೂತ್ಕೊ’ ಅಂದುಬಿಡುತ್ತೇನೆ, ಇನ್ನು ಮಕ್ಕಳಿಗೆ ಏನು ಹೇಳಲಿ. ತಮಾಷೆ ಏನೆಂದರೆ, ಒಂದೆರಡು ಸಲ ತಿದ್ದಿದ ಮೇಲೆ ಕೆಲವು ಮಕ್ಕಳು ಹೆದರಿ ಎಲ್ಲದಕ್ಕೂ ‘ಹ’ ಹಾಕುತ್ತಾರೆ. ಮನೆಯಲ್ಲಿ ಹಕ್ಕಿ ಅನ್ನ ಮಾಡಿದ್ದಾರೆ, ಮರದ ಮೇಲೆ ಅಕ್ಕಿ ಕೂತಿದೆ! ಈ ಮಕ್ಕಳಿಗೆ ಹತ್ತು ಸಲ ಬರೆಯಿಸುವುದು ದಂಡ. ಅಕ್ಕಿ-ಹಕ್ಕಿ, ಆಡು-ಹಾಡು, ಅಲ್ಲಿ-ಹಲ್ಲಿ ಅಂತ ಜೋಡಿ ಪದ ಹೇಳಿ, ‘ಹ’ ಕೇಳಿಸಿದರೆ ಕೈ ಎತ್ತುವ ಆಟ ಆಡಿಸಿ. ಕಿವಿ ತಯಾರಾದರೆ ಕೈ ತಾನಾಗಿ ಬರುತ್ತೆ.

ಒಂದು ಹಾಳೆಯಲ್ಲಿ ಎಡಗಡೆ ಮಕ್ಕಳ ಹೆಸರು, ಮೇಲೆ ತಪ್ಪಿನ ಜಾತಿ ಬರೆದುಕೊಂಡು ಚುಕ್ಕಿ ಇಡುತ್ತಾ ಹೋಗಿ. ಅರ್ಧ ಗಂಟೆ ಕೆಲಸ. ಮುಂದಿನ ಎರಡು ವಾರದ ಗುಂಪುಗಳು ಅದರಲ್ಲೇ ಕೂತಿರುತ್ತವೆ.

ದಿನಾ ಮಾಡುವ ಚಿಕ್ಕ ತಪಾಸಣೆ

‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟುಬಿಡಿ. ‘ಆಯ್ತು ಮಿಸ್ಸ್ಸ್’ ಅಂತ ಇಡೀ ಕ್ಲಾಸು ರಾಗ ಎಳೆಯುತ್ತೆ. ಅದು ಉತ್ತರ ಅಲ್ಲ, ಶಿಷ್ಟಾಚಾರ.

ಅದರ ಬದಲು ಸ್ಲೇಟು. ಪ್ರಶ್ನೆ ಹೇಳಿ, ಬರೆಯಲು ಸಮಯ ಕೊಟ್ಟು, ‘ಒಂದು, ಎರಡು, ಮೂರು, ಎತ್ತಿ’ ಅನ್ನಿ. ಎಲ್ಲರೂ ಒಟ್ಟಿಗೆ ಎತ್ತಬೇಕು, ಇಲ್ಲದಿದ್ದರೆ ಪಕ್ಕದವರ ಸ್ಲೇಟು ನೋಡಿ ಅಳಿಸುತ್ತಾರೆ. ಹತ್ತು ಸೆಕೆಂಡಿನಲ್ಲಿ 28 ಉತ್ತರ ನಿಮ್ಮ ಮುಂದೆ. ಐದಾರು ಜನ ತಪ್ಪಿದ್ದರೆ ಅವರ ಹತ್ತಿರ ಹೋಗಿ. ಅರ್ಧ ಕ್ಲಾಸು ತಪ್ಪಿದ್ದರೆ ನೀವು ಹೇಳಿಕೊಟ್ಟದ್ದರಲ್ಲೇ ಏನೋ ಆಗಿದೆ, ಅಲ್ಲೇ ನಿಲ್ಲಿಸಿ.

ಪ್ರಶ್ನೆ ಕೇಳುವಾಗ ಐಸ್‌ಕ್ರೀಮ್ ಕಡ್ಡಿ ಉಪಯೋಗಕ್ಕೆ ಬರುತ್ತೆ. ಪ್ರತಿ ಕಡ್ಡಿಗೂ ಒಂದು ಹೆಸರು. ಮೊದಲು ಪ್ರಶ್ನೆ, ಆಮೇಲೆ ಐದು ಸೆಕೆಂಡು ಮೌನ, ಆಮೇಲೆ ಕಡ್ಡಿ. ಹೆಸರು ಮೊದಲು ಕರೆದರೆ ಉಳಿದ 27 ಜನ ಯೋಚನೆ ನಿಲ್ಲಿಸುತ್ತಾರೆ. ಯಾವಾಗಲೂ ಕೈ ಎತ್ತುವ ನಾಲ್ವರಿಂದ ಇಡೀ ಕ್ಲಾಸನ್ನು ಅಳೆಯುವ ಚಾಳಿ ನನಗೂ ಇತ್ತು. ಕಡ್ಡಿ ಡಬ್ಬಿ ಬಂದ ಮೇಲೆ ಬಿಟ್ಟಿತು.

ವಾರಕ್ಕೆ ಎರಡು ಸಲ ಕೊನೆ ಬೆಲ್‌ಗೆ ಮುಂಚೆ ಚೀಟಿ ಬರೆಸುತ್ತೇನೆ. ಊರಿನ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಹಿಂಭಾಗ ಖಾಲಿ ಇರುತ್ತೆ. ಒಂದೇ ಪ್ರಶ್ನೆ, ಒಂದೇ ಉತ್ತರ. ಅಂಕ ಇಲ್ಲ, ತಿದ್ದುವುದೂ ಇಲ್ಲ. ಬಂದಿದೆ, ಅರ್ಧ ಬಂದಿದೆ, ಬಂದಿಲ್ಲ ಅಂತ ಮೂರು ಗುಡ್ಡೆ ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಮಾರನೇ ದಿನದ ಮೊದಲ ಹದಿನೈದು ನಿಮಿಷ ಯಾರ ಜೊತೆ ಕೂರಬೇಕು ಅನ್ನುವುದಕ್ಕೆ ಅಷ್ಟು ಸಾಕು.

ಮಕ್ಕಳನ್ನು ನೋಡಿ ಬರೆಯುವುದು

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಹಿಂದೆ ಇದ್ದ ಒಂದು ಶಾಲೆಯಲ್ಲಿ, ಎಫ್‌ಎ ಅಂಕ ಕೊಡುವ ಹಿಂದಿನ ರಾತ್ರಿ ಕೂತು ಚಟುವಟಿಕೆಯ ಕಾಲಂ ಪೂರ್ತಿ ತಲೆಯಿಂದಲೇ ತುಂಬಿದೆ. ಚುರುಕು ಮಕ್ಕಳಿಗೆ ಒಂಬತ್ತು, ಸುಮಾರಿನವರಿಗೆ ಏಳು. ಒಬ್ಬಳ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಆ ಹುಡುಗಿಯ ಮುಖ ನೆನಪಿದೆ, ಅವಳು ಆ ಎರಡು ತಿಂಗಳಲ್ಲಿ ಮಾಡಿದ ಒಂದೇ ಒಂದು ಕೆಲಸ ನೆನಪಿಲ್ಲ. ಗಲಾಟೆ ಮಾಡುವವಳಲ್ಲ, ಕೈ ಎತ್ತುವವಳಲ್ಲ. ಏಳು ಹಾಕಿ ಮುಂದೆ ಹೋದೆ.

ಈಗ ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ ಇದೆ. ದಿನಕ್ಕೆ ನಾಲ್ಕೇ ಮಕ್ಕಳು, ಹಾಜರಿ ಪುಸ್ತಕದ ಕ್ರಮದಲ್ಲಿ. ಏಳು ಶಾಲಾ ದಿನಕ್ಕೆ ಒಂದು ಸುತ್ತು. ‘ಉತ್ತಮ’, ‘ಚುರುಕು’, ‘ಸೋಮಾರಿ’ ಅನ್ನುವ ಪದ ಬರೆಯುವ ಹಾಗಿಲ್ಲ. ಕಂಡದ್ದು, ಕೇಳಿದ್ದು ಮಾತ್ರ. ‘ಗುಂಪಿನಲ್ಲಿ ಅಳತೆ ಪಟ್ಟಿ ಹಿಡಿದಳು, ಸೊನ್ನೆಯಿಂದ ಅಲ್ಲ 1ರಿಂದ ಅಳೆದಳು.’ ಇಷ್ಟೇ. ಆದರೆ ಇದು ನಾಳೆಗೆ ಕೆಲಸ ಕೊಡುತ್ತೆ. ‘ಸುಧಾರಿಸಬೇಕು’ ಅನ್ನುವುದು ಯಾರಿಗೂ ಏನೂ ಕೊಡಲ್ಲ.

ಮಾಡಿ ತೋರಿಸುವುದು

ನಮ್ಮ ಶಾಲೆಗಳಲ್ಲಿ ಮಕ್ಕಳೇ ಅಂಗಡಿ ಇಟ್ಟು ಮಾರುವ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಮಾಡುತ್ತೇವಲ್ಲ, ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ನನಗೆ ವರ್ಷದ ಅತ್ಯುತ್ತಮ ಗಣಿತ ಪರೀಕ್ಷೆ ಅದು. ಕೊಬ್ಬರಿ ಗಡಗಡದ ಹುಡುಗ ಇದ್ದಾನಲ್ಲ, ಅವನು ಗುಣಾಕಾರದ ಲಿಖಿತ ಪರೀಕ್ಷೆಯಲ್ಲಿ ಹತ್ತಕ್ಕೆ ಎರಡು. ಸಂತೆ ದಿನ ಎಳನೀರು ಇಟ್ಟುಕೊಂಡು ಕೂತಿದ್ದ. ನಮ್ಮ ಹೆಡ್‌ಮಾಸ್ಟರ್ 35 ರೂಪಾಯಿಯದ್ದು ನಾಲ್ಕು ಕೇಳಿ 200ರ ನೋಟು ಕೊಟ್ಟರು. ಕಣ್ಣು ಮಿಟುಕಿಸುವುದರೊಳಗೆ 60 ರೂಪಾಯಿ ವಾಪಸ್ ಕೊಟ್ಟ. ‘ಹೇಗೆ ಮಾಡಿದೆ?’ ಅಂದೆ. ‘ಎರಡಕ್ಕೆ 70, ಇನ್ನೆರಡಕ್ಕೆ 70, 140. ನೂರೈವತ್ತಕ್ಕೆ ಹತ್ತು, ಇನ್ನೂರಕ್ಕೆ ಐವತ್ತು.’ ಅವನಿಗೆ ಗುಣಾಕಾರ ಬರುತ್ತೆ. ಬಾರದೇ ಇರುವುದು ನಾನು ಹೇಳಿಕೊಟ್ಟ ಬರೆಯುವ ವಿಧಾನ. ಆಮೇಲೆ ಅವನ ಲೆಕ್ಕವನ್ನೇ ಬೋರ್ಡ್ ಮೇಲೆ ಬರೆದು, ಅಲ್ಲಿಂದ ನಮ್ಮ ವಿಧಾನಕ್ಕೆ ಸೇತುವೆ ಹಾಕಿದೆ.

ಸಂತೆಯಲ್ಲಿ ಸುಮ್ನೆ ಓಡಾಡಿದರೆ ಏನೂ ಸಿಗಲ್ಲ. ಮೊದಲೇ ಮೂರು ವಿಷಯ ಗೊತ್ತು ಮಾಡಿಕೊಳ್ಳಿ: ಬೆಲೆ ಕೂಡುವುದು, ಚಿಲ್ಲರೆ ಕೊಡುವುದು, ತೂಕ ನೋಡುವುದು. ಪ್ರತಿಯೊಂದಕ್ಕೂ ‘ತಾನೇ ಮಾಡಿದ’, ‘ಸಹಾಯ ಬೇಕಾಯ್ತು’, ‘ಆಗಲಿಲ್ಲ’ ಅಂತ ಮೂರು ಕಾಲಂ. ಈ ಹಾಳೆಯನ್ನು ಮಕ್ಕಳಿಗೂ ಮುಂಚಿತವಾಗಿ ತೋರಿಸಿ. ಏನು ನೋಡ್ತಾರೆ ಅಂತ ಗೊತ್ತಿದ್ದರೆ ಅವರೂ ಅದರ ಕಡೆ ಗಮನ ಕೊಡುತ್ತಾರೆ. ಬಚ್ಚಿಟ್ಟು ಹಿಡಿಯುವುದಕ್ಕೆ ನಾವೇನು ಪೊಲೀಸರಲ್ಲ.

ಮಕ್ಕಳೇ ನೋಡಿಕೊಳ್ಳಲಿ

ನಮ್ಮ ಕ್ಲಾಸಿನಲ್ಲಿ ಪಾಠ ಮುಗಿದ ಮೇಲೆ ಮಕ್ಕಳು ಕಾಪಿಯ ಮೂಲೆಯಲ್ಲಿ ಒಂದು ಚಿತ್ರ ಬರೆಯುತ್ತಾರೆ. ಎಳನೀರು ಅಂದರೆ ಇನ್ನೂ ನೀರು ನೀರು. ಕಾಯಿ ಅಂದರೆ ಬಂದಿದೆ, ಗಟ್ಟಿ ಇಲ್ಲ. ಕೊಬ್ಬರಿ ಅಂದರೆ ಇನ್ನೊಬ್ಬರಿಗೆ ಹೇಳಿಕೊಡಬಲ್ಲೆ. ಮೊದಲ ತಿಂಗಳು ಎಲ್ಲರೂ ಕೊಬ್ಬರಿಯೇ. ‘ಹಾಗಾದ್ರೆ ಬಾ, ಇವನಿಗೆ ಹೇಳ್ಕೊಡು’ ಅಂದ ಮೇಲೆ ಕಾಯಿಗಳು ಕಾಣಿಸಿಕೊಳ್ಳಲು ಶುರುವಾದವು. ಎಳನೀರು ಬರೆದವರಿಗೆ ಒಂದು ದಿನವೂ ಬೈಯಬೇಡಿ. ಒಮ್ಮೆ ಬೈದರೆ ಮತ್ತೆ ಯಾರೂ ನಿಜ ಬರೆಯಲ್ಲ.

ಒಬ್ಬರ ಕಾಪಿ ಒಬ್ಬರು ನೋಡುವುದು ಇನ್ನೂ ಕಷ್ಟ. ಮೊದಲ ಸಲ ಬಿಟ್ಟಾಗ ‘ಅಕ್ಷರ ಕಾಗೆ ಕಾಲು’ ಅಂತ ಬರೆದರು, ಒಬ್ಬಳು ಅತ್ತಳು. ಈಗ ನಿಯಮ ಇದೆ. ಒಂದು ಶಹಬ್ಬಾಸ್, ಒಂದು ಸಲಹೆ, ಎರಡೂ ಬರಹದ ಬಗ್ಗೆ ಇರಬೇಕು, ಅಕ್ಷರದ ಅಂದದ ಬಗ್ಗೆ ಅಲ್ಲ.

ಅಂಕವೋ, ಮಾತೋ?

ಇಸ್ರೇಲಿನಲ್ಲಿ ರೂತ್ ಬಟ್ಲರ್ ಅನ್ನುವವರು ಐದು, ಆರನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಸಿಕ್ಕವರ ಕೆಲಸ ಸುಧಾರಿಸಿತು. ಎರಡೂ ಸಿಕ್ಕವರದ್ದು ಸುಧಾರಿಸಲಿಲ್ಲ. ಅಂಕ ಕಂಡ ಮೇಲೆ ಮಾತು ಯಾರು ಓದ್ತಾರೆ? ಕ್ಲಾಸಿನಲ್ಲಿ ಕಾಪಿ ಹಂಚಿದ ಕ್ಷಣ ನೆನಪಿಸಿಕೊಳ್ಳಿ. ‘ನಿಂಗೆಷ್ಟು, ನಿಂಗೆಷ್ಟು’ ಅಷ್ಟೇ.

ಹಾಗಾಗಿ ದಿನದ ಕಾಪಿಗೆ ನಾನು ಅಂಕ ಹಾಕಲ್ಲ. ಒಂದು ಸಾಲು ಬರೆಯುತ್ತೇನೆ, ಅದನ್ನು ಓದಿ ಮಗು ಏನಾದರೂ ಮಾಡುವ ಹಾಗಿರಬೇಕು. ‘ಎರಡನೇ ಸಾಲಿನಲ್ಲಿ ಮೂರು ಒತ್ತಕ್ಷರ ತಪ್ಪಿವೆ, ಹುಡುಕು.’ ಯಾವುದು ಅಂತ ನಾನು ತೋರಿಸಲ್ಲ. ಹುಡುಕುವುದಕ್ಕೆ ಮಾರನೇ ದಿನ ಹತ್ತು ನಿಮಿಷ ಕೊಡುತ್ತೇನೆ. ಆ ಹತ್ತು ನಿಮಿಷ ಕೊಡದಿದ್ದರೆ ಬರೆದ ಟಿಪ್ಪಣಿ ನೀರಿನಲ್ಲಿ ಹೋಮ.

ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿಸಂಪುಟದ ಬಗ್ಗೆ ಎರಡೇ ಮಾತು. ಮಿಂಚು ಕಾಗದ ಅಂಟಿಸಿದ ಫೈಲ್ ಬೇಡ. ತಾರೀಖು ಇರಲಿ, ಮೊದಲು ಬರೆದದ್ದೂ ತಿದ್ದಿ ಬರೆದದ್ದೂ ಎರಡೂ ಇರಲಿ, ತಿಂಗಳಿಗೊಂದು ಪುಟವನ್ನು ಮಗುವೇ ಆರಿಸಲಿ.

ಒಡೆದು ನೋಡುವ ದಿನ

ಎಸ್‌ಎ ಬೇಡ ಅನ್ನುವವಳಲ್ಲ ನಾನು. ಅರ್ಧ ವರ್ಷದ್ದು ಒಟ್ಟಿಗೆ ಎಷ್ಟು ನಿಂತಿದೆ ಅಂತ ಅದರಿಂದಲೇ ಗೊತ್ತಾಗುವುದು. ಪ್ರಶ್ನೆಪತ್ರಿಕೆ ನೀವೇ ಮಾಡುವುದಾದರೆ ಯಾವುದಕ್ಕೆ ಎಷ್ಟು ಅಂಕ ಅನ್ನುವ ನೀಲನಕ್ಷೆ ಹಾಕಿಕೊಳ್ಳಿ, ಪಾಠದ ಹಿಂದಿನ ಅಭ್ಯಾಸದ ಪ್ರಶ್ನೆಯನ್ನೇ ಎತ್ತಿ ಹಾಕಬೇಡಿ. ಅದು ನೆನಪಿನ ಪರೀಕ್ಷೆ ಆಗುತ್ತೆ. ಗಣಿತ, ಪರಿಸರದ ಪತ್ರಿಕೆಯಲ್ಲಿ ಓದಲು ಕಷ್ಟವಾಗುವ ಮಕ್ಕಳಿಗೆ ನಾನು ಪ್ರಶ್ನೆ ಓದಿ ಹೇಳುತ್ತೇನೆ. ನಾನು ಅಳೆಯುತ್ತಿರುವುದು ಭಾಗಾಕಾರವನ್ನು, ಓದನ್ನಲ್ಲ.

ಗ್ರೇಡ್ ಲೆಕ್ಕ ಹೀಗೆ: ನೂರಕ್ಕೆ 90ರಿಂದ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. 69ಕ್ಕೂ 70ಕ್ಕೂ ನಡುವೆ ಇರುವುದು ಒಂದು ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಅಷ್ಟೇ. ಆದ್ದರಿಂದ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಅಂಕ ಏರಿಸುವ ಮುಂಚೆ ಇನ್ನೊಂದು ಕೆಲಸ ಮಾಡಿ. ಪ್ರತಿ ಪ್ರಶ್ನೆಯ ಮುಂದೆ ಎಷ್ಟು ಜನ ತಪ್ಪಿದ್ದಾರೆ ಅಂತ ಗೆರೆ ಎಳೆಯಿರಿ. ಒಂದು ಸಲ ಭಿನ್ನರಾಶಿಯ ಪ್ರಶ್ನೆಯೊಂದರಲ್ಲಿ 28ರಲ್ಲಿ 19 ಮಕ್ಕಳು 1/4 ದೊಡ್ಡದು, 1/2 ಚಿಕ್ಕದು ಅಂತ ಬರೆದಿದ್ದರು. ಎರಡಕ್ಕಿಂತ ನಾಲ್ಕು ದೊಡ್ಡದು, ಸರಿ ತಾನೇ? ನಾನು ಪಾಠವನ್ನು ಬೋರ್ಡ್ ಮೇಲೆ ಮಾತ್ರ ಮಾಡಿದ್ದೆ, ಒಂದು ರೊಟ್ಟಿಯನ್ನೂ ಮುರಿದಿರಲಿಲ್ಲ. ಆ ಸಿ ಗ್ರೇಡ್ ನನ್ನದು.

‘ಸಮುದಾಯದತ್ತ ಶಾಲೆ’ ದಿನ ಪೋಷಕರು ಬಂದಾಗ ಗ್ರೇಡ್ ಹೇಳಿ ಕಳಿಸಬೇಡಿ. ಕೂಲಿ ಬಿಟ್ಟು ಬಂದಿರುತ್ತಾರೆ. ಜೂನ್‌ನಲ್ಲಿ ಬರೆದ ಒಂದು ಪುಟ, ಈಗ ಬರೆದ ಒಂದು ಪುಟ, ಅಕ್ಕಪಕ್ಕ ಇಡಿ. ಓದು ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತೆ. ಆಮೇಲೆ ಮನೆಯಲ್ಲಿ ಮಾಡಬಹುದಾದ ಒಂದೇ ಕೆಲಸ ಹೇಳಿ. ಅಂಗಡಿಗೆ ಕಳಿಸಿ, ಚಿಲ್ಲರೆ ಲೆಕ್ಕ ಕೇಳಿ. ಅಷ್ಟು ಸಾಕು.

ವರ್ಷದ ಕೊನೆಗೆ ಐದನೇ ಕ್ಲಾಸಿನ ಮೇಷ್ಟ್ರಿಗೆ ಅಂಕಪಟ್ಟಿಯ ಜೊತೆ ಒಂದು ಹಾಳೆ ಕೊಡುತ್ತೇನೆ, ಒಂದು ಮಗುವಿಗೆ ಒಂದು ಸಾಲು. ಹೋದ ಏಪ್ರಿಲ್‌ನಲ್ಲಿ ಕೊಟ್ಟ ಹಾಳೆಯಲ್ಲಿ ಎಳನೀರಿನ ಹುಡುಗನ ಮುಂದೆ, ‘ಬಾಯಲ್ಲಿ ಕೇಳಿ, ಆಮೇಲೆ ಬರೆಸಿ’ ಅಂತಿತ್ತು. 770 ಬರೆದ ಹುಡುಗಿಯ ಮುಂದೆ, ‘ಕನ್ನಡಕ ಮರೆತು ಬಂದ ದಿನ ಮೊದಲ ಸಾಲಿನಲ್ಲಿ ಕೂರಿಸಿ.’